ಗೀಸರಿನೊಳಗಿನ ಹಕ್ಕಳೆ

ಶೀತದೇಶಗಳಲ್ಲಿ ಮನೆಯ ಗೋಡೆಗಳಿಗೆ ರೇಡಿಯೇಟರುಗಳನ್ನು ಜೋಡಿಸಿ, ಅವುಗಳಲ್ಲಿ ಬಿಸಿನೀರು ಹರಿಸಿ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ಮೈಸೂರಿನ ಮಾಗಿಯ ಚಳಿಗೆ ಅಂಥ ಏರ್ಪಾಡು ಬೇಕಿಲ್ಲ. ಬೆಳಗಿನ ಸ್ನಾನಕ್ಕೆ ಬಿಸಿನೀರು ದೊರೆತರೆ ಸಾಕು. ಹಿಂದೆ ಅದನ್ನು ಒದಗಿಸುತ್ತಿದ್ದುದು ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆ. ಈಗ ಅನೇಕ ಮನೆಗಳಲ್ಲಿ ಆ ಕೆಲಸ ವಿದ್ಯುತ್ ಗೀಸರಿನದು. ರೇಡಿಯೇಟರುಗಳಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತುತ್ತಿರುತ್ತದೆ; ಗೀಸರಿಗಾದರೋ ಪ್ರತಿದಿನವೂ ಹೊಸ ನೀರು. ಹೊಸ ನೀರಿನೊಡನೆ ಹೊಸ ಲವಣವೂ ಬರುವುದು. ತೊಂದರೆಯ ಮೂಲವಿರುವುದು ಇಲ್ಲಿಯೇ.

ಮಳೆಯ ನೀರು ಮಣ್ಣಿನಲ್ಲಿ ಇಂಗುವಾಗ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು, ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಅಂಶವನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಇಂಥ ನೀರೇ ಗಡಸು ನೀರು. ಕಾವೇರಿಯ ನೀರು ಬರುವ ಮನೆಗಳಿಗಿಂತ ಕೊಳವೆಬಾವಿಯನ್ನೇ ನಂಬಿದ ಮನೆಗಳಲ್ಲಿ ಇದರ ಕಾಟ ಸಾಮಾನ್ಯವಾಗಿ ಹೆಚ್ಚು. ನೀರು ಕಾದಾಗ ಬೈಕಾರ್ಬೊನೇಟ್ ಒಡೆದು, ಅನಿಲವು ಹೊರಟುಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಹಕ್ಕಳೆಯಾಗಿ ಕೂರುವುದು. ಲೀಟರಿಗೆ 300 ಮಿಲಿಗ್ರಾಂ ಇಂಥ ಗಡಸುತನವಿರುವ ನೀರನ್ನು ದಿನಕ್ಕೆ 60 ಲೀಟರಿನಂತೆ ಕಾಯಿಸಿದರೆ, ಅದರಲ್ಲಿ ಬರುವ ಲವಣ 18 ಗ್ರಾಂ. ಇದರ ಇಪ್ಪತ್ತನೆಯ ಒಂದು ಪಾಲು ಮಾತ್ರ ಒಳಗೆ ಉಳಿದರೂ ವರ್ಷಕ್ಕೆ 300 ಗ್ರಾಂ ಮೀರುವುದು.

ಹಕ್ಕಳೆಯು ಉಷ್ಣವನ್ನು ಸಾಗಿಸುವುದರಲ್ಲಿ ತಾಮ್ರಕ್ಕಿಂತ ನೂರು ಪಟ್ಟಿಗೂ ಮಿಕ್ಕಿ ಹಿಂದೆ. ಹಂಡೆಯಲ್ಲಿ ಇದರ ಫಲ ಸುಲಭವಾಗಿ ತಿಳಿಯುವಂಥದು: ನೀರಿಗೆ ಇಳಿಯಲಾರದ ಉಷ್ಣವು ಹೊಗೆಯೊಡನೆ ಹೊರಟುಹೋಗುವುದು, ಸೌದೆ ಹೆಚ್ಚು ಬೇಕಾಗುವುದು. ಗೀಸರಿನಲ್ಲಿಯೂ ಹೀಗೆಯೇ ವಿದ್ಯುತ್ತು ಪೋಲಾಗುವುದೆಂದು ಹಲವರು ಭಾವಿಸಿದ್ದಾರೆ. ಅದು ಅಷ್ಟು ಸರಿಯಲ್ಲ. ಗೀಸರಿನ ಕಾಯಿಲ್ ನೀರಿನೊಳಗೇ ಮುಳುಗಿರುವುದು. ಅದರ ಉಷ್ಣಕ್ಕೆ ನೀರನ್ನು ಬಿಟ್ಟು ಬೇರೆ ದಾರಿಯಿಲ್ಲ. ಹದಿನೈದು ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸಿಗೆ ಏರಿಸಲು ಹಕ್ಕಳೆ ಇದ್ದರೂ ಇಲ್ಲದಿದ್ದರೂ ಸುಮಾರು 0.7 ಯೂನಿಟ್ಟು ಬೇಕು.

ಹಾಗಾದರೆ ಹಾನಿ ಎಲ್ಲಿ? ಕಾಯಿಲ್ ತಾನೇ ಬೇಯುವುದರಲ್ಲಿ. ಎರಡು ಸಾವಿರ ವ್ಯಾಟಿನ ಕಾಯಿಲಿನ ಮೇಲ್ಮೈ 400 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಮಿಲಿಮೀಟರ್ ಗಟ್ಟಿ ಹಕ್ಕಳೆಯನ್ನು ದಾಟಿ ಅಷ್ಟೂ ಉಷ್ಣ ಹರಿಯಬೇಕಾದರೆ ಕಾಯಿಲು ಸುಮಾರು 25 ಡಿಗ್ರಿ ಹೆಚ್ಚು ಕಾಯಬೇಕು. ನಾಲ್ಕು ಮಿಲಿಮೀಟರಿಗೆ 100 ಡಿಗ್ರಿ. ಪದರವು ಸಡಿಲವಾಗಿದ್ದು ಒಳಗೆ ಆವಿ ಸಿಕ್ಕಿಕೊಂಡರಂತೂ ಇನ್ನೂ ಹೆಚ್ಚು. ಥರ್ಮೋಸ್ಟ್ಯಾಟಿಗೆ ಇದರ ಸುಳಿವು ಹತ್ತದು. ಅದು ಗಮನಿಸುವುದು ನೀರಿನ ಉಷ್ಣತೆಯನ್ನು. ಕೊನೆಗೊಮ್ಮೆ ಕಾಯಿಲಿನ ಹೊರಕವಚ ಬಿರಿದು, ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ನೀರು ತಗಲಿತೆಂದರೆ ವಿದ್ಯುತ್ತು ನೀರಿಗೆ ಇಳಿಯಬಲ್ಲುದು. ಅರ್ತಿಂಗ್ ಸರಿಯಿಲ್ಲದ ಬಚ್ಚಲಿನಲ್ಲಿ ಇದು ಪ್ರಾಣಾಪಾಯ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಕೂಡಲೆ ಮೈನ್ ಸ್ವಿಚ್ಚನ್ನು ಆರಿಸಬೇಕು. ಚಪ್ಪಲಿ ಹಾಕಿಕೊಂಡು ಸ್ನಾನ ಮುಗಿಸುವ ಜಾಣತನ ಸಲ್ಲದು.

ಗಡಸು ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಕಾಯಿಲನ್ನು ತೆಗೆಸಿ ನೋಡುವುದು ಲೇಸು. ವಿದ್ಯುತ್ತನ್ನು ಪೂರ್ತಿ ಕಡಿದು, ನೀರು ಆರಿದ ಬಳಿಕ ತೊಟ್ಟಿಯನ್ನು ಬರಿದು ಮಾಡಿ, ಬಲ್ಲವರೇ ಇದನ್ನು ಬಿಚ್ಚಬೇಕು. ಸ್ಕ್ರೂಡ್ರೈವರಿನಿಂದ ಹಕ್ಕಳೆಯನ್ನು ಕುಟ್ಟಿ ಉದುರಿಸುವವರುಂಟು. ತೆಳುವಾದ ಕವಚಕ್ಕೆ ಇದಕ್ಕಿಂತ ಕೆಟ್ಟ ಉಪಚಾರವಿಲ್ಲ. ತಂತಿ ಸೇರುವ ತುದಿಗಳು ನೆನೆಯದಂತೆ, ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದನ್ನು ಮುಳುಗಿಸಿಟ್ಟರೆ ಗುಳ್ಳೆಗಳೆದ್ದು ಹಕ್ಕಳೆ ಕರಗುವುದು. ಹುಣಸೆಹಣ್ಣಿನಿಂದ ಹಂಡೆ ಬೆಳಗುತ್ತಿದ್ದ ನಮ್ಮ ಅಜ್ಜಿಯರು ನೆಚ್ಚಿದ್ದುದೂ ಆಮ್ಲವನ್ನೇ.

ತೆರೆದಾಗಲೇ ಮೆಗ್ನೀಸಿಯಂ ಸರಳನ್ನೂ ನೋಡಬೇಕು. ಕಬ್ಬಿಣಕ್ಕಿಂತ ಬೇಗ ಸವೆಯುವ ಈ ಲೋಹ ತಾನು ಕರಗಿ ತೊಟ್ಟಿಯನ್ನು ತುಕ್ಕಿನಿಂದ ಕಾಯುವುದು. ಅದು ಬಹಳ ಸವೆದಿದ್ದರೆ ಹೊಸದನ್ನು ಹಾಕಬೇಕು. ಕವಚ ಬಿರಿದ ಕಾಯಿಲಿಗೆ ರಿಪೇರಿಯಿಲ್ಲ. ಅಷ್ಟೇ ವ್ಯಾಟಿನ ಹೊಸದನ್ನು, ಹೊಸ ರಬ್ಬರ್ ವಾಷರಿನೊಡನೆ ಕೂರಿಸಬೇಕು. ತೊಟ್ಟಿಯೇ ತೂತಾಗಿದ್ದರೆ ಗೀಸರನ್ನೇ ಬದಲಾಯಿಸಬೇಕು. ಏನೇ ಬದಲಾಯಿಸಿದರೂ, ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸತತವಾಗಿ ಬೀಳುವವರೆಗೆ ಸ್ವಿಚ್ಚನ್ನು ಮುಟ್ಟಬಾರದು. ನೀರಿಲ್ಲದ ತೊಟ್ಟಿಯಲ್ಲಿ ಹೊಸ ಕಾಯಿಲು ಸುಟ್ಟುಹೋಗಲು ಕೆಲವು ನಿಮಿಷ ಸಾಕು.