ನೀಲಿ ರಕ್ತದ ಸಾಕ್ಷ್ಯ

ರೋಗಿಯ ಮಂಚದ ಪಕ್ಕದಲ್ಲಿ ತೂಗುವ ಸಲೈನ್ ಬಾಟಲಿಯನ್ನು ನೋಡದವರು ವಿರಳ. ಅದರೊಳಗಿನ ದ್ರವವನ್ನು ಕಾಯಿಸಿ ಕ್ರಿಮಿರಹಿತವಾಗಿ ಮಾಡಿರುವಾಗ ಇನ್ನಾವ ಭಯವೆಂದು ನಾವು ನಂಬಿರುತ್ತೇವೆ. ಆದರೆ ಕ್ರಿಮಿ ಸತ್ತರೂ ಅದರ ವಿಷ ಉಳಿಯಬಲ್ಲದೆಂಬುದೇ ಸೋಜಿಗ. ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ಕುದಿಸಿದ ಮಾತ್ರಕ್ಕೆ ಅದು ನಾಶವಾಗದು. ಗಾಜಿನ ಪಾತ್ರೆಗಳಿಂದ ಅದನ್ನು ಕಳೆಯಲು 250 ಡಿಗ್ರಿ ಸೆಂಟಿಗ್ರೇಡಿನ ಒಣಶಾಖದಲ್ಲಿ ಅರ್ಧ ಗಂಟೆ ಇಡುವುದು ವಾಡಿಕೆ. ಈ ವಿಷ ರಕ್ತವನ್ನು ಸೇರಿದರೆ ಚಳಿಜ್ವರ ಬರುತ್ತದೆ. ಹೆಚ್ಚಾದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ.

ಬಟ್ಟಿಯಿಳಿಸಿದ ನೀರೂ ಜ್ವರ ತರಬಲ್ಲದೆಂದೂ, ಅದಕ್ಕೆ ಬ್ಯಾಕ್ಟೀರಿಯಾಗಳೇ ಮೂಲವೆಂದೂ 1923ರಲ್ಲಿ ತೋರಿಸಿದವರು ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಎಂಬ ವಿದುಷಿ. ಅಲ್ಲಿಂದ ಮುಂದೆ ಬಹುಕಾಲ ಮೊಲವೇ ಪರೀಕ್ಷಕನಾಯಿತು. ಮೂರು ಮೊಲಗಳ ಕಿವಿಯ ರಕ್ತನಾಳಕ್ಕೆ ಮದ್ದನ್ನು ಚುಚ್ಚಿ, ಮೂರು ಗಂಟೆಗಳ ಕಾಲ ಮೈಬಿಸಿಯನ್ನು ಗಮನಿಸುವರು. ಆದರೆ ಜ್ವರ ಬಂದಿತೇ ಇಲ್ಲವೇ ಎಂದು ತಿಳಿಯಬಹುದಲ್ಲದೆ, ವಿಷವೆಷ್ಟೆಂದು ಮೊಲ ಹೇಳಲಾರದು.

ಉತ್ತರ ದೊರೆತದ್ದು ಕಡಲಿನಲ್ಲಿ. ಕುದುರೆಲಾಳದ ಏಡಿ ಹೆಸರಿಗೆ ಏಡಿಯಾದರೂ ಜೇಡಗಳ ಸಮೀಪಬಂಧು. ತಾಮ್ರದ ಅಂಶದಿಂದಾಗಿ ಅದರ ರಕ್ತ ನೀಲಿ. ಕಡಲಿನ ಬ್ಯಾಕ್ಟೀರಿಯಾ ಒಳಹೊಕ್ಕಾಗ ಆ ರಕ್ತ ಹೆಪ್ಪುಗಟ್ಟುವುದನ್ನು ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಅವರೂ ಜ್ಯಾಕ್ ಲೆವಿನ್ನರೂ ಕೂಡಿ, ಇದಕ್ಕೆ ಎಂಡೋಟಾಕ್ಸಿನ್ನೇ ಕಾರಣವೆಂದು ಕಂಡುಕೊಂಡರು.

ಪರೀಕ್ಷೆ ಬಲು ಸರಳ. ಆ ರಕ್ತಕಣಗಳ ಸಾರ 0.1 ಮಿಲಿಲೀಟರ್, ಮದ್ದು ಅಷ್ಟೇ. ಎರಡನ್ನೂ ಗಾಜಿನ ಕೊಳವೆಯಲ್ಲಿ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತಲೆಕೆಳಗು ಮಾಡುವುದು. ಗಟ್ಟಿ ಹೆಪ್ಪು ಜಾರದೆ ನಿಂತರೆ ವಿಷವುಂಟು. ಮದ್ದನ್ನು ಹಂತಹಂತವಾಗಿ ತೆಳುಮಾಡಿ, ಹೆಪ್ಪು ಯಾವ ಹಂತದಲ್ಲಿ ನಿಲ್ಲುವುದೆಂದು ನೋಡಿದರೆ ಪ್ರಮಾಣವೂ ತಿಳಿಯುತ್ತದೆ. ರಕ್ತನಾಳಕ್ಕೆ ಕೊಡುವ ಮದ್ದಿನಲ್ಲಿ, ಗಂಟೆಯೊಂದಕ್ಕೆ, ದೇಹತೂಕದ ಕಿಲೋಗ್ರಾಮಿಗೆ 5 ಎಂಡೋಟಾಕ್ಸಿನ್ ಯೂನಿಟ್ ಸಾಮಾನ್ಯ ಮಿತಿ. 60 ಕಿಲೋ ತೂಗುವವರಿಗೆ 300.

ಆದರೆ ಈ ಅಭಯಕ್ಕೆ ಬೆಲೆ ತೆರುವುದು ಮೂಕಜೀವಿ. ರಕ್ತ ತೆಗೆದು ಕಡಲಿಗೆ ಮರಳಿಸಿದ ಏಡಿಗಳಲ್ಲಿ ಕೆಲವು ಬದುಕುವುದಿಲ್ಲ. ಸಿಂಗಪುರದ ವಿಜ್ಞಾನಿಗಳಾದ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ, ವಿಷವನ್ನು ಮೊದಲು ಗುರುತಿಸುವ 'ಫ್ಯಾಕ್ಟರ್ ಸಿ' ಎಂಬ ಪ್ರೋಟೀನನ್ನು ಏಡಿಯ ರಕ್ತವಿಲ್ಲದೆ ಪ್ರಯೋಗಶಾಲೆಯಲ್ಲೇ ತಯಾರಿಸುವ ದಾರಿ ತೋರಿದರು. 2021ರಲ್ಲಿ ಯೂರೋಪಿನ ಔಷಧಸಂಹಿತೆ ಈ ವಿಧಾನಕ್ಕೆ ಸ್ಥಾನ ಕೊಟ್ಟಿತು. ನಮ್ಮ ಒಡಿಶಾ, ಬಂಗಾಳದ ಕರಾವಳಿಗಳಲ್ಲಿಯೂ ಈ ಪ್ರಾಚೀನ ಜೀವಿಯ ಬಂಧುಗಳಿವೆ. ಹೊಸ ವಿಧಾನ ಎಲ್ಲೆಡೆ ಬಳಕೆಗೆ ಬಂದಷ್ಟೂ ರೋಗಿಗೂ ಕ್ಷೇಮ, ಅವಕ್ಕೂ ಕ್ಷೇಮ.