ಮದ್ರಾಸಿಗೆ ಮುಕ್ಕಾಲು ಗಂಟೆ... ಅದೂ ಆಕಾಶದಲ್ಲಿ ಮಾತ್ರ!

ಮೊನ್ನೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಪಕ್ಕ ಟೀ ಕುಡೀತಾ ನಿಂತಿದ್ದೆ. ಇಬ್ಬರು ಹುಡುಗರ ಮಧ್ಯೆ ಭರ್ಜರಿ ಜಗಳ! "ಚೆನ್ನೈಗೆ ಪ್ಲೇನಲ್ಲಿ ಮುಕ್ಕಾಲು ಗಂಟೇನೂ ಬೇಡ ಕಣೋ" ಅಂತ ಒಬ್ಬ. "ಟಿಕೆಟ್ ನೋಡೋ, ಒಂದು ಗಂಟೆ ಅಂತ ಹಾಕಿರ್ತಾರೆ" ಅಂತ ಇನ್ನೊಬ್ಬ. ಪಂದ್ಯ ಟೀ ದುಡ್ಡಿನದು. (ಊರಿನ ಹೆಸರು ಬದಲಾಗಿದ್ದು 1996ರಲ್ಲಿ. ನನ್ನ ಬಾಯಿಗೆ ಈಗಲೂ ಮದ್ರಾಸೇ ಬರೋದು, ಕ್ಷಮಿಸಿ.)

ಕೇಳಿ ಮಿತ್ರರೇ, ಇಬ್ಬರದೂ ಸರಿ! ಹಕ್ಕಿ ಹಾರುವ ದಾರಿಯಲ್ಲಿ ಎರಡೂ ಊರಿಗೆ ಸುಮಾರು 290 ಕಿಲೋಮೀಟರ್. ಬಂಗಾರಪೇಟೆ, ಜೋಲಾರಪೇಟೆ, ಕಾಟ್ಪಾಡಿ ಅಂತ ಸುತ್ತಿಕೊಂಡು ಹೋಗುವ ರೈಲಿಗೆ 360. ಗಂಟೆಗೆ 800 ಕಿಲೋಮೀಟರ್ ಓಡಬಲ್ಲ ಜೆಟ್ಟಿಗೆ 290 ಯಾವ ಲೆಕ್ಕ? ಇಪ್ಪತ್ತೆರಡು ನಿಮಿಷ! ಆದರೆ ಆ ವೇಗ ಹಿಡಿಯೋಕೆ ಪುರಸೊತ್ತೆಲ್ಲಿ? ಮೇಲೇರಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯೋಕೆ ಶುರು. ಟೈಟಲ್ ಕಾರ್ಡ್ ಮುಗೀತಿದ್ದ ಹಾಗೇ ಕ್ಲೈಮ್ಯಾಕ್ಸ್! ಗಾಳಿಯಲ್ಲಿರೋದು ಹೆಚ್ಚೂ ಕಡಿಮೆ ನಲವತ್ತು ನಿಮಿಷ. ಟಿಕೆಟ್ಟಿನ ಒಂದು ಗಂಟೆ ಅಂದ್ರೆ, ಇಲ್ಲಿ ನಿಂತ ಜಾಗದಿಂದ ಚಕ್ರ ಕದಲಿದಾಗಿನಿಂದ ಅಲ್ಲಿ ನಿಲ್ಲುವವರೆಗೆ.

ನಮ್ಮ ಕಾಲದಲ್ಲಿ ಈ ದೂರ ಬರೀ ಲೆಕ್ಕದ ಮಾತಾಗಿರಲಿಲ್ಲ. ಅಣ್ಣಾವ್ರ 'ಬೇಡರ ಕಣ್ಣಪ್ಪ' 1954ರಲ್ಲಿ ಬಂದ ಕಾಲದಿಂದ ಎಷ್ಟೋ ವರ್ಷ ಕನ್ನಡ ಚಿತ್ರಗಳಿಗೆ ಮದ್ರಾಸೇ ತವರು. ಫ್ಲೋರು ಅಲ್ಲಿ, ರೆಕಾರ್ಡಿಂಗು ಅಲ್ಲಿ, ಲ್ಯಾಬು ಅಲ್ಲಿ. ನಮ್ಮ ಅಪ್ಪು ಹುಟ್ಟಿದ್ದೂ ಅಲ್ಲೇ, 1975ರಲ್ಲಿ. ಹೀರೋನ ಕಣ್ಣಾರೆ ನೋಡಬೇಕಾ? ಹತ್ತು ಮದ್ರಾಸ್ ರೈಲು!

ನಾನೂ ಹತ್ತಿದೆ. 1978. ಗೆಳೆಯನೊಬ್ಬನ ಜೊತೆ, ಮೂರು ತಿಂಗಳ ಸಿನಿಮಾ ದುಡ್ಡು ಕೂಡಿಟ್ಟು, ರಾತ್ರಿಯಿಡೀ ಬಾಗಿಲ ಹತ್ತಿರ ಪೇಪರ್ ಹಾಸಿಕೊಂಡು ಕೂತು. ಬೆಳಿಗ್ಗೆ ಕೋಡಂಬಾಕ್ಕಂನ ಸ್ಟುಡಿಯೋ ಗೇಟಿಗೆ ಹೋದರೆ, ಕಾವಲಿನ ತಾತ ತಮಿಳಿನಲ್ಲಿ ನಕ್ಕು ಹೇಳಿದ್ದಿಷ್ಟು: "ನಿಮ್ಮ ಹೀರೋ ನಿನ್ನೆ ಸಾಯಂಕಾಲದ ಪ್ಲೇನಲ್ಲಿ ಬೆಂಗಳೂರಿಗೆ ಹೋದ್ರಲ್ಲಪ್ಪಾ!" ಅಂದ್ರೆ ನಾವು ಸಿಟಿ ಸ್ಟೇಷನ್ನಿನಲ್ಲಿ ಸೀಟಿಗೆ ಟವಲ್ ಎಸೀತಿದ್ದಾಗ ಆತ ನಮ್ಮೂರಲ್ಲೇ ಊಟ ಮಾಡ್ತಿದ್ದ! ಗೆಳೆಯ ಗೇಟಿನ ಕಂಬಿ ಹಿಡ್ಕೊಂಡು ಅತ್ತೇಬಿಟ್ಟ. ನಾನು ಅಳಲಿಲ್ಲ ಅಂತ ಇವತ್ತಿನವರೆಗೂ ಹೇಳಿಕೊಂಡು ಬಂದಿದ್ದೀನಿ. ವಾಪಸ್ ಬರೋವಾಗ ಇಬ್ಬರ ಹತ್ತಿರ ಉಳಿದಿದ್ದು ಎರಡು ಬನ್ನಿನ ದುಡ್ಡು.

ಈಗೇನು, ಪ್ಲೇನು ಎಲ್ಲರಿಗೂ ಇದೆ. ಆದರೆ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯ್ತಲ್ಲ! ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿಲೋಮೀಟರ್, ಟ್ರಾಫಿಕ್ ದೇವರ ದಯೆ. ಎರಡು ಗಂಟೆ ಮುಂಚೆ ಅಲ್ಲಿರಬೇಕು. ಆಮೇಲೆ ಹಾರಾಟ, ಬ್ಯಾಗು, ಮೀನಂಬಾಕ್ಕಂನಿಂದ ಮತ್ತೆ ಆಟೋ... ಬಾಗಿಲಿಂದ ಬಾಗಿಲಿಗೆ ಐದು ಗಂಟೆ! 2022ರಲ್ಲಿ ಬಂದ ವಂದೇ ಭಾರತ್ ರೈಲು ಸುಮಾರು ನಾಲ್ಕೂವರೆ ಗಂಟೆಗೆ ಮದ್ರಾಸ್ ಸೆಂಟ್ರಲ್ಲಿಗೇ ಇಳಿಸುತ್ತೆ, ಹತ್ತೋದೂ ಮೆಜೆಸ್ಟಿಕ್ಕಿನ ಎದುರೇ.

ಇದೆಲ್ಲ ಹುಡುಗರಿಗೆ ಬಿಡಿಸಿ ಹೇಳಿದೆ. "ಹಂಗಾದ್ರೆ ಪಂದ್ಯ ಯಾರು ಗೆದ್ದಿದ್ದು ಸಾರ್?" ಅಂದರು. ಇಬ್ಬರೂ ಅಂದೆ. ಮೂರು ಟೀ ದುಡ್ಡೂ ನಾನೇ ಕೊಡಬೇಕಾಯ್ತು.