ಹಾಡಿಗೂ ಖಾತೆ ಮಾಡಿಸಿ

ಧಾರಾವಾಹಿಗಳಿಗೆ ಶೀರ್ಷಿಕೆ ಗೀತೆ ಬರೆಯುವುದು ನನ್ನ ಕಸುಬು. ಅದು ಒಂದು ನಿಮಿಷವೂ ತುಂಬದ ಹಾಡು, ಆದರೆ ವರ್ಷಗಟ್ಟಲೆ ಪ್ರತಿ ಸಂಜೆ ಮನೆಮನೆಯಲ್ಲಿ ಕೇಳಿಸುತ್ತದೆ. ಬರೆದವರಿಗೆ ಸಿಗುವುದು ರೆಕಾರ್ಡಿಂಗ್ ದಿನ ಕೈಗಿಟ್ಟ ಕವರಿನಲ್ಲಿರುವಷ್ಟೇ ದುಡ್ಡು ಎಂದು ನಮ್ಮಲ್ಲಿ ಬಹಳ ಮಂದಿ ಈಗಲೂ ನಂಬಿಕೊಂಡಿದ್ದಾರೆ. ಅದು ತಪ್ಪು. ಹಾಡು ಪ್ರಸಾರವಾಗುವಷ್ಟು ಕಾಲ ಅದರ ರಾಯಲ್ಟಿಯಲ್ಲಿ ಸಾಹಿತಿಗೂ ಸಂಗೀತ ಸಂಯೋಜಕರಿಗೂ ಕಾನೂನು ಪಾಲು ಇಟ್ಟಿದೆ. ಆ ಪಾಲನ್ನು ವಸೂಲು ಮಾಡಿ ತಲುಪಿಸುವ ಸಂಸ್ಥೆ ಮುಂಬೈಯ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಚುಟುಕಾಗಿ ಐಪಿಆರ್‌ಎಸ್.

ಸಂಸ್ಥೆ ಹುಟ್ಟಿದ್ದು 1969ರಲ್ಲಿ. ಆದರೆ ಹಾಡು ಕಟ್ಟಿದವರಿಗೆ ಅದರಿಂದ ನಿಜವಾದ ಬಲ ಬರಲು ದಶಕಗಳೇ ಬೇಕಾದವು. ನಿರ್ಮಾಪಕ ಹಣ ಕೊಟ್ಟು ಬರೆಸಿದ ಹಾಡಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕನೇ ಒಡೆಯ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಇದನ್ನು ಬದಲಿಸಿತು. ಸಿನಿಮಾ ಹಾಡು ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದೊಂದನ್ನು ಬಿಟ್ಟರೆ, ಬೇರೆಲ್ಲೇ ಬಳಕೆಯಾದರೂ ರಾಯಲ್ಟಿಯಲ್ಲಿ ಹಕ್ಕು ಕೊಂಡವರದು ಅರ್ಧ, ಹಾಡು ಕಟ್ಟಿದವರದು ಅರ್ಧ. ‘ನನಗೆ ಬೇಡ’ ಎಂದು ಬರೆದುಕೊಟ್ಟರೂ ಆ ಪಾಲು ಕೈಬಿಡುವುದಿಲ್ಲ. ಅದನ್ನು ವಾರಸುದಾರರಿಗೆ ಇಲ್ಲವೇ ಇಂಥ ಸೊಸೈಟಿಗೆ ಮಾತ್ರ ವಹಿಸಬಹುದು. ಈ ತಿದ್ದುಪಡಿಗಾಗಿ ರಾಜ್ಯಸಭೆಯಲ್ಲಿ ವಾದಿಸಿದ ಜಾವೇದ್ ಅಖ್ತರ್ ಮುಂದೆ ಐಪಿಆರ್‌ಎಸ್‌ನ ಅಧ್ಯಕ್ಷರೂ ಆದರು. ನಮ್ಮ ಕಸುಬಿನವರು ಆ ಹೋರಾಟವನ್ನು ಮರೆಯಬಾರದು.

ಎಫ್‌ಎಂ ವಾಹಿನಿ, ಟಿವಿ, ಹೋಟೆಲು, ಹಾಡಿನ ಆ್ಯಪ್‌ಗಳು ಪರವಾನಗಿಗೆ ಹಣ ಕಟ್ಟುತ್ತವೆ. ಮದುವೆ ದಿಬ್ಬಣದಲ್ಲಿ ನುಡಿಸುವುದಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ, ಆ ಭಯ ಬೇಡ. ಬಂದ ಹಣವನ್ನು ಯಾವ ಹಾಡು ಎಲ್ಲಿ ಬಳಕೆಯಾಯಿತು ಎಂಬ ಪಟ್ಟಿಗೆ ತಾಳೆ ಹಾಕಿ ಹಂಚುತ್ತಾರೆ.

ತೊಡಕು ಇರುವುದು ಈ ತಾಳೆ ಹಾಕುವ ಜಾಗದಲ್ಲೇ. ಪ್ಯಾನ್, ಆಧಾರ್, ಬ್ಯಾಂಕ್ ವಿವರ ಕೊಟ್ಟು ಸದಸ್ಯರಾಗಿ, ಗುರುತಿನ ಸಂಖ್ಯೆ ಬಂದ ಮೇಲೆ ಕೆಲಸ ಮುಗಿಯಿತೆಂದು ಸುಮ್ಮನಾದವರನ್ನು ನಾನು ಬಹಳ ನೋಡಿದ್ದೇನೆ. ಆಮೇಲೆ ‘ದುಡ್ಡೇ ಬರಲಿಲ್ಲ’ ಎಂದು ಬೇಸರಪಡುತ್ತಾರೆ. ಕ್ರಯಪತ್ರವಾದ ಸೈಟಿಗೆ ಖಾತೆ ಮಾಡಿಸದೆ ಬಿಟ್ಟಂತೆ ಇದು. ಒಂದೊಂದು ಹಾಡನ್ನೂ ಬಿಡಿಬಿಡಿಯಾಗಿ ದಾಖಲಿಸಬೇಕು: ಹಾಡಿನ ಹೆಸರು, ಚಿತ್ರ ಅಥವಾ ಆಲ್ಬಮ್, ಭಾಷೆ, ಸಾಹಿತ್ಯ ಯಾರದು, ಸಂಗೀತ ಯಾರದು, ಪ್ರಕಾಶಕರು ಯಾರು, ಯಾರ ಪಾಲು ಎಷ್ಟು.

ಕನ್ನಡದ ಹಾಡುಗಳಿಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ‘ಹೂವೇ’ ಎಂಬ ಪುಟ್ಟ ಮಾತೇ ನಾಲ್ಕು ಬಗೆಯಾಗುತ್ತದೆ. ಆ್ಯಪಿನಲ್ಲಿ ಒಂದು ಕಾಗುಣಿತ, ಕಂಪನಿಯ ಪಟ್ಟಿಯಲ್ಲಿ ಇನ್ನೊಂದು, ನಾವು ತುಂಬಿದ ಅರ್ಜಿಯಲ್ಲಿ ಮತ್ತೊಂದು ಇದ್ದರೆ ತಾಳೆಯಾಗುವುದು ಹೇಗೆ? ಅದಕ್ಕೇ ನಾನು ಬಿಡುಗಡೆಯಾದ ರೂಪದಲ್ಲಿರುವ ಕಾಗುಣಿತವನ್ನೇ ಹಾಕುತ್ತೇನೆ. ಬೇರೆ ರೂಪಗಳನ್ನೂ ಜೊತೆಗೇ ತಿಳಿಸುತ್ತೇನೆ. ನನ್ನ ಹೆಸರನ್ನಂತೂ ಇನಿಷಿಯಲ್ ಸಮೇತ ಎಲ್ಲ ಕಡೆ ಒಂದೇ ರೀತಿ ಬರೆಯುತ್ತೇನೆ. ಪಾಲು ಎಷ್ಟೆಂಬುದನ್ನು ಸ್ಟುಡಿಯೋ ಬಿಡುವ ಮೊದಲೇ ಸಂಯೋಜಕರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಸ್ನೇಹ ಕೆಡುತ್ತದೆಂದು ಅಂಜುವವರಿದ್ದಾರೆ. ನನ್ನ ಅನುಭವದಲ್ಲಿ, ಬರೆಯದೆ ಬಿಟ್ಟಾಗಲೇ ಸ್ನೇಹ ಕೆಟ್ಟಿದೆ.

ಸುಗಮ ಸಂಗೀತದ ಗೆಳೆಯರು ಕೇಳುತ್ತಾರೆ: ತತ್ವಪದಕ್ಕೆ, ವಚನಕ್ಕೆ ರಾಗ ಹಾಕಿದರೆ ನಮಗೇನು ಹಕ್ಕು? ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಎಲ್ಲರ ಸೊತ್ತು. ಆದರೆ ಅವಕ್ಕೆ ಸಿ. ಅಶ್ವಥ್ ಹಾಕಿದ ಹೊಸ ರಾಗಸಂಯೋಜನೆ ಹಾಗಲ್ಲ. ಕೃತಿಸ್ವಾಮ್ಯ ಇರುವುದು ಬದುಕಿರುವವರೆಗೆ, ಆಮೇಲೆ 60 ವರ್ಷ. ಅಶ್ವಥ್ 2009ರಲ್ಲಿ ಹೋದರು, ಆದ್ದರಿಂದ 2069 ಮುಗಿಯುವವರೆಗೂ ಆ ಸಂಗೀತಕ್ಕೆ ರಕ್ಷಣೆ ಇದೆ. ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, ‘ಮೈಸೂರು ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿಯವರ ಸಾಲುಗಳಿಗೆ 2063ರ ಕೊನೆಯವರೆಗೆ. ಇವುಗಳಿಗೆ ರಾಗ ಹಾಕುವವರು ಮೊದಲು ಹಕ್ಕುದಾರರ ಅನುಮತಿ ಪಡೆಯಬೇಕು.

ಸದಸ್ಯತ್ವದಿಂದ ಬೇರೆ ಅನುಕೂಲಗಳೂ ಇವೆ. ಹೊರದೇಶಗಳ ಇಂಥ ಸೊಸೈಟಿಗಳೂ ಐಪಿಆರ್‌ಎಸ್ಸೂ ಸಿಸಾಕ್ ಎಂಬ ಜಾಗತಿಕ ಒಕ್ಕೂಟದಲ್ಲಿವೆ, ಪರಸ್ಪರ ಒಪ್ಪಂದಗಳ ಮೂಲಕ ಅಲ್ಲಿನ ಬಳಕೆಯ ಹಣ ಇಲ್ಲಿಗೆ ಬರಬಹುದು. 2020ರ ಲಾಕ್‌ಡೌನ್ ಕಾಲದಲ್ಲಿ ಸಂಸ್ಥೆ ಸದಸ್ಯರಿಗೆ ತುರ್ತು ನೆರವು ಕೊಟ್ಟಿತು. ‘ಲರ್ನ್ ಅಂಡ್ ಅರ್ನ್’ ಹೆಸರಿನ ಕಾರ್ಯಾಗಾರಗಳನ್ನು ಬೇರೆ ಬೇರೆ ಊರುಗಳಲ್ಲಿ ನಡೆಸುತ್ತದೆ, ಹೊಸಬರು ತಪ್ಪದೆ ಹೋಗಬೇಕು. ಗಾಯಕರು ಮಾತ್ರ ಗಾಯಕರಾಗಿ ಇಲ್ಲಿ ಸದಸ್ಯರಲ್ಲ. ಅವರ ಹಕ್ಕಿಗೆ ಪ್ರತ್ಯೇಕ ಸೊಸೈಟಿ 2013ರಿಂದ ಇದೆ; ಮೊದಲು ಇಸ್ರಾ ಎನಿಸಿಕೊಂಡಿದ್ದ ಅದರ ಹೆಸರು ಈಗ ಇಸಾಮ್ರಾ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ವಾರಸುದಾರರ ವಿಚಾರ. ನಮ್ಮ ಬೀದಿಯಲ್ಲೇ ಇದ್ದ ಹಿರಿಯರೊಬ್ಬರು ಕ್ಯಾಸೆಟ್ ಕಾಲದಲ್ಲಿ ರಾಶಿ ರಾಶಿ ಭಕ್ತಿಗೀತೆ ಬರೆದವರು. ಸದಸ್ಯರಾಗದೆಯೇ ಹೋಗಿಬಿಟ್ಟರು. ಅವರ ಹಾಡು ಈಗಲೂ ದೇವಸ್ಥಾನದ ಮೈಕಿನಲ್ಲಿ, ಮೊಬೈಲಿನಲ್ಲಿ ಕೇಳುತ್ತದೆ. ವಾರಸುದಾರರೂ ಸದಸ್ಯರಾಗಬಹುದು ಎಂದು ಅವರ ಹೆಂಡತಿಗೆ ಹೇಳಿ, “ಅಕ್ಕಾ, ಹಳೇ ಕ್ಯಾಸೆಟ್ ಏನಾದ್ರೂ ಉಳಿದಿದೆಯಾ?” ಎಂದೆ. “ಎಸೆಯೋಕೆ ಮನಸ್ಸೇ ಬರ್ಲಿಲ್ಲ ಕಣಪ್ಪ” ಎಂದು ಬಿಸ್ಕತ್ತಿನ ಡಬ್ಬ ತಂದಿಟ್ಟರು. ಕ್ಯಾಸೆಟ್ಟಿನೊಳಗೆ ಮಡಿಸಿಟ್ಟ ರಟ್ಟಿನ ಕವರೇ ನಮಗೆ ದಾಖಲೆ: ‘ಸಾಹಿತ್ಯ’ ಎಂದಿದ್ದ ಕಡೆ ಅವರ ಹೆಸರು, ಕೆಳಗೆ ಎ ಬದಿ, ಬಿ ಬದಿಯ ಹಾಡುಗಳು. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಕಾಗದ ಜೋಡಿಸಿ ಅರ್ಜಿ ಹಾಕಿದೆವು. ಸದಸ್ಯತ್ವ ಸಿಕ್ಕಿತು. ಈಗ ಒಂದೊಂದೇ ಹಾಡು ದಾಖಲಿಸುತ್ತಿದ್ದೇವೆ. ಕೆಲವು ಕವರುಗಳಲ್ಲಿ ಸಂಗೀತ ಯಾರದೆಂದು ಹಾಕಿಯೇ ಇಲ್ಲ. ಆಗ ತಬಲಾ ನುಡಿಸಿದವರನ್ನು ಹುಡುಕಿ ಫೋನ್ ಮಾಡಿ ಕೇಳುತ್ತಿದ್ದೇನೆ.